ಊರಿನ ಮಾತ್ರೆಗಳು, ಇಂಗ್ಲೆಂಡಿನ ವಾರ್ಡು

ತುಮಕೂರಿನಿಂದ ಅಪ್ಪ ಅಮ್ಮನನ್ನು ಇಂಗ್ಲೆಂಡಿಗೆ ಕರೆಸಿಕೊಳ್ಳುತ್ತಿದ್ದೀರಾ? ಸ್ವೆಟರು, ಚಟ್ನಿಪುಡಿಗಳಿಗಿಂತ ಮೊದಲು ಅವರ ಮಾತ್ರೆಗಳ ಪಟ್ಟಿ ಮಾಡಿ. ಮೆಡಿಕಲ್ ಅಂಗಡಿಯಲ್ಲಿ ಕತ್ತರಿಸಿ ಕೊಟ್ಟ ಸ್ಟ್ರಿಪ್ಪಿನಲ್ಲಿ ಎಷ್ಟೋ ಸಲ ಔಷಧದ ಹೆಸರೇ ಉಳಿದಿರುವುದಿಲ್ಲ. ಉಳಿದಿದ್ದರೂ ಅದು ನಮ್ಮ ದೇಶದ ಕಂಪನಿ ಇಟ್ಟ ಹೆಸರು. ಸಕ್ಕರೆ ಕಾಯಿಲೆಯ ಗ್ಲೈಕೋಮೆಟ್ ಎಂದರೆ ಇಲ್ಲಿನವರು ಹುಡುಕಾಡುತ್ತಾರೆ. ಅದರೊಳಗಿನ ಔಷಧದ ಹೆಸರು ಹಿಡಿದು ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ಎಂದರೆ ತಕ್ಷಣ ತಿಳಿಯುತ್ತದೆ.

ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಆಸ್ಪತ್ರೆಗೆ ದಾಖಲಾದ 24 ಗಂಟೆಯೊಳಗೆ, ರೋಗಿ ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದ ಔಷಧಗಳನ್ನೂ ವಾರ್ಡಿನಲ್ಲಿ ಬರೆದುಕೊಟ್ಟವನ್ನೂ ತಾಳೆ ನೋಡಬೇಕೆಂದು ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ ಹೇಳುತ್ತದೆ. ಇಲ್ಲಿ ನೆಲೆಸಿದವರ ವಿವರ ಜಿಪಿಯ (ಬಡಾವಣೆಯ ಕುಟುಂಬ ವೈದ್ಯರ) ದಾಖಲೆಯಲ್ಲಿ ಸಿಗುತ್ತದೆ. ನಿಮ್ಮ ತಂದೆತಾಯಿಗೆ ಅಂಥ ದಾಖಲೆಯಿಲ್ಲ, ನೀವು ಬರೆದ ಪಟ್ಟಿಯೇ ದಾಖಲೆ. ಆಯುರ್ವೇದದ ಲೇಹ್ಯ, ಕಷಾಯಗಳನ್ನೂ ಅದರಲ್ಲಿ ಸೇರಿಸಿ. ಯಾವ ಔಷಧ ಒಗ್ಗುವುದಿಲ್ಲ ಎಂಬುದನ್ನು ಎಲ್ಲಕ್ಕಿಂತ ಮೇಲೆ ಬರೆಯಿರಿ. ಅಮ್ಮನಿಗೆ ಇಂಗ್ಲಿಷ್ ಬಾರದಿದ್ದರೆ ಕನ್ನಡ ದುಭಾಷಿ ಬೇಕೆಂದು ಕೇಳಿ, ಅದಕ್ಕೆ ಸಂಕೋಚ ಬೇಡ.

ನನಗೆ ನಿಜವಾಗಿ ಭಯ ಹುಟ್ಟಿಸುವುದು ದಿಂಬಿನ ಕೆಳಗಿನ ಡೋಲೋ. ವಾರ್ಡಿನಲ್ಲಿ ನರ್ಸ್ ಪ್ಯಾರಸಿಟಮಾಲ್ ಕೊಡುತ್ತಿರುತ್ತಾರೆ, ಹಿರಿಯರು ಮೈಕೈ ನೋವೆಂದು ಊರಿನ ಡೋಲೋ 650 ಮಾತ್ರೆಯನ್ನೂ ನುಂಗುತ್ತಾರೆ. ಎರಡೂ ಒಂದೇ ಔಷಧ. ವಯಸ್ಕರಿಗೂ ದಿನದ ಗರಿಷ್ಠ ಮಿತಿ 4 ಗ್ರಾಂ. ಅದು ಮೀರಿದರೆ ಯಕೃತ್ತಿಗೆ ಪೆಟ್ಟು. ತಂದ ಮಾತ್ರೆಗಳನ್ನೆಲ್ಲ ನರ್ಸ್ ಕೈಗೆ ಒಪ್ಪಿಸಿಬಿಡಿ.

ಎರಡು ಔಷಧ ಬೆರೆತ ಒಂದು ಮಾತ್ರೆಯ ಬದಲು ಇಲ್ಲಿ ಎರಡು ಬೇರೆ ಮಾತ್ರೆ ಕೊಡಬಹುದು, ಗಾಬರಿಯಾಗಬೇಡಿ. ಪ್ರತಿ ಸಲವೂ ಹೆಸರು, ಹುಟ್ಟಿದ ದಿನಾಂಕ ಕೇಳುವುದು ಅನುಮಾನದಿಂದಲ್ಲ, ಔಷಧ ಸರಿಯಾದ ರೋಗಿಗೇ ಸೇರಲೆಂದು. ಆ್ಯಂಟಿಬಯಾಟಿಕ್ ಶುರುವಾದ 48ರಿಂದ 72 ಗಂಟೆಯೊಳಗೆ ಅದು ಇನ್ನೂ ಬೇಕೇ ಎಂದು ಮರುಪರಿಶೀಲಿಸುತ್ತಾರೆ. ಇಂಜೆಕ್ಷನ್ ನಿಲ್ಲಿಸಿ ಮಾತ್ರೆ ಕೊಟ್ಟರೆ ‘ನಿರ್ಲಕ್ಷ್ಯ ಮಾಡಿದರು’ ಎಂದು ನಮ್ಮವರು ನೊಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಅದು ಚೇತರಿಕೆಯ ಲಕ್ಷಣ. ಕಾರಣ ಕೇಳಿದರೆ ವಾರ್ಡಿನ ಫಾರ್ಮಸಿಸ್ಟ್ ವಿವರಿಸುತ್ತಾರೆ.

ಪ್ರವಾಸಿ ವೀಸಾದವರಿಗೆ ವಾರ್ಡಿನ ಚಿಕಿತ್ಸೆ ಉಚಿತವಲ್ಲ, ವಿಮೆ ಮಾಡಿಸಿಯೇ ಕರೆತನ್ನಿ.

ಬಿಡುಗಡೆಯ ಪತ್ರದಲ್ಲಿ ಯಾವ ಔಷಧ ನಿಂತಿತು, ಯಾವುದು ಹೊಸದು, ಏಕೆ ಎಂದು ಕೇಳಿ ಬರೆಸಿಕೊಳ್ಳಿ. ತುಮಕೂರಿನ ವೈದ್ಯರಿಗೆ ಅದು ಬೇಕು. ಅಡ್ಡಪರಿಣಾಮ ಕಂಡರೆ ಔಷಧಗಳ ಅಡ್ಡಪರಿಣಾಮ ದಾಖಲಿಸಲೆಂದು ಬ್ರಿಟನ್ನಿನಲ್ಲಿ 1964ರಿಂದ ನಡೆಯುತ್ತಿರುವ ಯೆಲ್ಲೋ ಕಾರ್ಡ್ ವ್ಯವಸ್ಥೆಗೆ ಮನೆಯವರೇ ವರದಿ ಮಾಡಬಹುದು. ಊರಿಗೆ ಮರಳಿದ ಮೇಲೆ ಕಂಡರೆ ಭಾರತದ ಉಚಿತ ಸಹಾಯವಾಣಿ 1800-180-3024ಕ್ಕೆ ಕರೆ ಮಾಡಿ.