ಹಳೆಯ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕುವ ಮೊದಲು ನಾನು ನೋಡಿದ್ದು

ಶಿರಸಿಯ ನನ್ನ ಡಿಟಿಪಿ ಅಂಗಡಿಯಲ್ಲಿ 2015ರಲ್ಲಿ ಕೊಂಡ ಲ್ಯಾಪ್‌ಟಾಪ್ ಒಂದಿದೆ. ಐದನೆಯ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್ ಇರುವ ಯಂತ್ರ. ಮದುವೆಯ ಕರೆಯೋಲೆ, ಸಹಕಾರಿ ಸಂಘದ ವಾರ್ಷಿಕ ವರದಿ, ಯಕ್ಷಗಾನದ ಕರಪತ್ರ ಎಲ್ಲವೂ ಅದರಲ್ಲಿಯೇ ತಯಾರಾಗುತ್ತಿದ್ದವು. 2022ರ ಮಳೆಗಾಲದ ಹೊತ್ತಿಗೆ ಬಟನ್ ಒತ್ತಿದ ಮೇಲೆ ಟೈಪಿಂಗ್ ಆರಂಭಿಸಲು ನಾಲ್ಕು ನಿಮಿಷಕ್ಕೂ ಹೆಚ್ಚು ಬೇಕಾಗುತ್ತಿತ್ತು. ಒಂದೇ ಒಂದು ಅಕ್ಷರ ತಿದ್ದಿಸಲು ಬಂದವರನ್ನು ಅಷ್ಟು ಹೊತ್ತು ಬೆಂಚಿನ ಮೇಲೆ ಕೂರಿಸುವುದು ನನಗೆ ಬಹಳ ಸಂಕಟದ ಸಂಗತಿಯಾಗಿತ್ತು. ಪರಿಚಯದ ರಿಪೇರಿಯವರು, "ಎಸ್‌ಎಸ್‌ಡಿ ಹಾಕ್ಸಿಬಿಡಿ, ಹೊಸದರಂಗೆ ಓಡ್ತದೆ" ಎಂದರು. ಹಾರ್ಡ್ ಡಿಸ್ಕಿನ ಬದಲು ಹಾಕುವ, ಮಾಹಿತಿಯನ್ನು ಚಿಪ್ಪುಗಳಲ್ಲಿ ಇಡುವ ಸಾಧನವೇ ಈ ಎಸ್‌ಎಸ್‌ಡಿ. ಆದರೆ ಯಂತ್ರ ನಿಧಾನವಾಗಿದ್ದು ಯಾವುದರಿಂದ ಎಂಬುದು ಖಾತ್ರಿಯಾಗದೆ ಹಣ ಹಾಕಲು ನನಗೆ ಮನಸ್ಸಾಗಲಿಲ್ಲ.

ಮೂರು ದಿನ ಬೆಳಿಗ್ಗೆ ಯಂತ್ರ ಚಾಲೂ ಮಾಡಿದ ತಕ್ಷಣ, ಯಂತ್ರದ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದು ಕುಳಿತೆ. ಡಿಸ್ಕ್ ಎಂಬಲ್ಲಿ ಹತ್ತು ನಿಮಿಷಗಳವರೆಗೆ 100% ಎಂದೇ ಇರುತ್ತಿತ್ತು. ಆದರೆ ಅಷ್ಟು ದುಡಿಯುತ್ತಿದ್ದ ಡಿಸ್ಕಿನಿಂದ ಬರುತ್ತಿದ್ದ ಮಾಹಿತಿ ಸೆಕೆಂಡಿಗೆ ಒಂದೆರಡು ಎಂಬಿ ಮಾತ್ರ. ಇದರ ಕಾರಣ ಹಾರ್ಡ್ ಡಿಸ್ಕಿನ ರಚನೆಯಲ್ಲಿಯೇ ಇದೆ. ನನ್ನ ಡಿಸ್ಕಿನ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುವಂಥದ್ದು, ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಓದುವ ಮುಳ್ಳು ಸರಿಯಾದ ಜಾಗಕ್ಕೆ ಸರಿದು, ಬೇಕಾದ ಭಾಗ ಅದರ ಕೆಳಗೆ ತಿರುಗಿ ಬರುವವರೆಗೆ ಕಾಯಬೇಕಾಗಿರುವುದರಿಂದ, ಚದುರಿಹೋದ ಸಣ್ಣ ಸಣ್ಣ ತುಣುಕುಗಳನ್ನು ಸೆಕೆಂಡಿಗೆ ನೂರು ಓದುವುದೂ ಅದಕ್ಕೆ ಕಷ್ಟ. ವಿಂಡೋಸ್ ಏಳುವಾಗ ಕೇಳುವುದು ಇಂಥ ಸಾವಿರಾರು ತುಣುಕುಗಳನ್ನೇ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಮುಳ್ಳೂ ಇಲ್ಲ. ಆದ್ದರಿಂದಲೇ ಅದು ಇಲ್ಲಿ ಗೆಲ್ಲುತ್ತದೆ. ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚುಹಾಕುವ ಸೆಕೆಂಡಿಗೆ 500 ಎಂಬಿಯ ವೇಗ ದೊಡ್ಡ ವಿಡಿಯೋ ನಕಲು ಮಾಡುವವರಿಗೆ ಮುಖ್ಯವಿರಬಹುದು, ನನ್ನಂಥವರಿಗೆ ಅಷ್ಟಾಗಿ ಅಲ್ಲ.

ರ್‍ಯಾಮ್ ಕಡಿಮೆಯಾಗಿರುವುದೇ ಕಾರಣವಿರಬಹುದೆಂಬ ಸಂಶಯವೂ ಇತ್ತು, ಏಕೆಂದರೆ ರ್‍ಯಾಮ್ ತುಂಬಿದಾಗ ವಿಂಡೋಸ್ ಒಂದಷ್ಟನ್ನು ಡಿಸ್ಕಿಗೆ ಬರೆಯತೊಡಗುತ್ತದೆ ಮತ್ತು ಆಗಲೂ ಡಿಸ್ಕ್ 100% ಎಂದೇ ತೋರುತ್ತದೆ. ಆದರೆ ನನ್ನ ಯಂತ್ರದಲ್ಲಿ ಏನನ್ನೂ ತೆರೆಯುವ ಮೊದಲೇ, ರ್‍ಯಾಮ್ ಅರ್ಧ ಖಾಲಿ ಇರುವಾಗಲೇ, ಡಿಸ್ಕ್ ಏದುಸಿರು ಬಿಡುತ್ತಿತ್ತು. ಹಾಗಾಗಿ ಮೊದಲ ಖರ್ಚು ಡಿಸ್ಕಿಗೇ ಎಂದು ನಿರ್ಧರಿಸಿದೆ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಡಿಸ್ಕಿನ ಆರೋಗ್ಯ ನೋಡಿದಾಗ ಹಳದಿ ಬಣ್ಣದ ಎಚ್ಚರಿಕೆ ಕಂಡಿತು: ಓದಲಾಗದೆ ಬಾಕಿ ಉಳಿದ ಸೆಕ್ಟರುಗಳು, ಅಂದರೆ ಡಿಸ್ಕಿನ ಸಣ್ಣ ಸಣ್ಣ ಭಾಗಗಳು, ಎಂಟು. ನನ್ನ ನಿರ್ಧಾರವನ್ನು ಪಕ್ಕಾ ಮಾಡಿದ್ದು ವೇಗಕ್ಕಿಂತ ಹೆಚ್ಚಾಗಿ ಇದೇ. ಅಂದು ಸಂಜೆಯೇ ಗ್ರಾಹಕರ ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿದೆ.

ಹೊಸ ಲ್ಯಾಪ್‌ಟಾಪಿಗೆ 40 ಸಾವಿರ ರೂಪಾಯಿಯಾದರೂ ಬೇಕಿತ್ತು. 240 ಜಿಬಿಯ ಎಸ್‌ಎಸ್‌ಡಿಗೆ ಎರಡು ಸಾವಿರದ ಆಸುಪಾಸು ಸಾಕಿತ್ತು. ಕೀಲಿಮಣೆ, ಪರದೆ, ಪರದೆಯ ತಿರುಗಣಿ ಎಲ್ಲವೂ ಗಟ್ಟಿಯಾಗಿದ್ದುದರಿಂದ ಈ ಖರ್ಚು ವ್ಯರ್ಥವಾಗದು ಅನ್ನಿಸಿತು. ಅವು ಅಲುಗಾಡುತ್ತಿದ್ದರೆ ನಾನು ಮುಂದುವರಿಯುತ್ತಿರಲಿಲ್ಲ. ಕೊಳ್ಳುವಾಗ ನೋಡಬೇಕಾದದ್ದು ಒಂದಿದೆ: ಇಂಥ ಹಳೆಯ ಯಂತ್ರಗಳಿಗೆ ಹಳೆಯ ಹಾರ್ಡ್ ಡಿಸ್ಕಿನ ಜಾಗದಲ್ಲಿಯೇ ಕೂರುವ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿಯೇ ಬೇಕು, ಚಾಕಲೇಟ್ ಪಟ್ಟಿಯಂತೆ ಕಾಣುವ ಎನ್‌ವಿಎಂಇ ಮಾದರಿಗೆ ನನ್ನ ಯಂತ್ರದಲ್ಲಿ ಜಾಗವೇ ಇಲ್ಲ.

ಭಾನುವಾರ ಮಧ್ಯಾಹ್ನ ಬ್ಯಾಟರಿ ಕಳಚಿಟ್ಟು, ಹಿಂಬದಿಯ ಮುಚ್ಚಳ ಬಿಚ್ಚಿದೆ. ಸ್ಕ್ರೂಗಳ ಉದ್ದ ಬೇರೆ ಬೇರೆ ಇದ್ದುದರಿಂದ, ಕಾಗದದ ಮೇಲೆ ಮುಚ್ಚಳದ ಚಿತ್ರ ಬರೆದು ಆಯಾ ಜಾಗದಲ್ಲಿಯೇ ಒಂದೊಂದನ್ನೂ ಚುಚ್ಚಿಟ್ಟೆ. ಹಳೆಯ ಡಿಸ್ಕಿನ ಸುತ್ತ ಇದ್ದ ತಗಡಿನ ಚೌಕಟ್ಟನ್ನು ಬಿಚ್ಚಿ ಎಸ್‌ಎಸ್‌ಡಿಗೆ ಜೋಡಿಸಿ ಕೂರಿಸುವ ಕೆಲಸಕ್ಕೆ ಅರ್ಧ ಗಂಟೆ ಹಿಡಿಯಿತು. ಕೆಟ್ಟ ಸೆಕ್ಟರುಗಳಿದ್ದ ಡಿಸ್ಕನ್ನು ಹಾಗೆಯೇ ಕ್ಲೋನ್ ಮಾಡುವುದು, ಅಂದರೆ ಇದ್ದದ್ದನ್ನೆಲ್ಲ ಇದ್ದಂತೆಯೇ ನಕಲು ಮಾಡುವುದು, ನನಗೆ ಸರಿಯೆನಿಸಲಿಲ್ಲ. ವಿಂಡೋಸನ್ನು ಹೊಸದಾಗಿ ಹಾಕಿದೆ. ಲೈಸೆನ್ಸ್ ಮದರ್‌ಬೋರ್ಡಿಗೆ ಹೊಂದಿಕೊಂಡಿದ್ದುದರಿಂದ ನೆಟ್ ಸಿಕ್ಕ ಕೂಡಲೇ ತಾನಾಗಿಯೇ ಚಾಲ್ತಿಗೆ ಬಂತು.

ಎಡವಿದ್ದು ಬೇರೆಡೆ. ಸೋಮವಾರ ಹಳೆಯದೊಂದು ಕರೆಯೋಲೆ ತೆರೆದರೆ ವಧೂವರರ ಹೆಸರಿದ್ದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಚುಕ್ಕೆ, ಗೆರೆಗಳ ಸಾಲು. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ, ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟುಗಳಲ್ಲಿ ಮಾಡಿದ ಕಡತಗಳ ಒಳಗೆ ಇರುವುದು ನಿಜಕ್ಕೂ ಅಂಥ ಸಂಕೇತಗಳೇ. ಫಾಂಟ್ ಇದ್ದರೆ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ. ಕಡತಗಳನ್ನು ಜೋಪಾನ ಮಾಡಿದ್ದ ನಾನು ವಿಂಡೋಸಿನ ಫಾಂಟ್ಸ್ ಫೋಲ್ಡರನ್ನು ನಕಲು ಮಾಡಿಕೊಂಡಿರಲಿಲ್ಲ. ಹಳೆಯ ಡಿಸ್ಕನ್ನು ಯುಎಸ್‌ಬಿ ಕೇಬಲ್ಲಿಗೆ ಹಾಕಿ ಫಾಂಟುಗಳನ್ನು ಎತ್ತಿಕೊಂಡೆ. ಅದನ್ನು ಮಾರದೆ ಇಟ್ಟುಕೊಂಡಿದ್ದು ಒಳ್ಳೆಯದೇ ಆಯಿತು. ನುಡಿಯಲ್ಲಿ ಕೆಲಸ ಮಾಡುವ ಎಲ್ಲರಿಗೂ ನಾನು ಮೊದಲು ಹೇಳುವುದು, ಫಾಂಟುಗಳನ್ನೂ ನಕಲು ಮಾಡಿಟ್ಟುಕೊಳ್ಳಿ ಎಂಬ ಮಾತನ್ನೇ.

ಈಗ ಯಂತ್ರ ಇಪ್ಪತ್ತೈದು ಸೆಕೆಂಡಿನಲ್ಲಿ ಏಳುತ್ತದೆ. ಆದರೆ 120 ಪುಟದ ಸ್ಮರಣ ಸಂಚಿಕೆಯನ್ನು ಪಿಡಿಎಫ್ ಮಾಡಲು ಮೊದಲಿನಷ್ಟೇ ಹೊತ್ತು ಬೇಕು, ಏಕೆಂದರೆ ಅಲ್ಲಿ ದುಡಿಯುವುದು ಪ್ರೊಸೆಸರ್. ಜಾಗವೂ ಬಿಗಿ: 240 ಜಿಬಿ ಎಂದು ಮಾರಿದ್ದು ವಿಂಡೋಸಿನ ಲೆಕ್ಕದಲ್ಲಿ 223 ಜಿಬಿ. ಇನ್ನೊಂದು ಎಚ್ಚರಿಕೆ ಬೇಕು. ಎಸ್‌ಎಸ್‌ಡಿಯಲ್ಲಿ ಅಳಿಸಿದ ಕಡತದ ಜಾಗವನ್ನು ಟ್ರಿಮ್ ಎಂಬ ವ್ಯವಸ್ಥೆ ಬೇಗನೆ ತೆರವು ಮಾಡುವುದರಿಂದ, ಹಾರ್ಡ್ ಡಿಸ್ಕಿನಲ್ಲಿ ಮಾಡುತ್ತಿದ್ದಂತೆ ಅದನ್ನು ಮರಳಿ ಪಡೆಯುವ ಆಸೆ ಇಟ್ಟುಕೊಳ್ಳುವಂತಿಲ್ಲ. ಪ್ರತಿ ಶನಿವಾರ ಅಂಗಡಿ ಮುಚ್ಚುವ ಮೊದಲು ಬ್ಯಾಕಪ್ ಮಾಡುತ್ತೇನೆ.

ಇಂದು ಇದೇ ಲೆಕ್ಕ ಹಾಕುವವರು ಮತ್ತೊಂದನ್ನು ಸೇರಿಸಿಕೊಳ್ಳಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ, ಅಂದರೆ ನೆಟ್ಟಿನ ಅಪಾಯಗಳಿಂದ ಕಾಯುವ ಅಪ್‌ಡೇಟುಗಳನ್ನು ಎಂದಿನಂತೆ ಕೊಡುವುದು, 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಐದನೆಯ ತಲೆಮಾರಿನ ಇಂಟೆಲ್ ಪ್ರೊಸೆಸರುಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಇಂಟರ್‌ನೆಟ್ ಬೇಕಾದವರು ವಿಂಡೋಸಿನ ಬದಲು ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಳ್ಳಬಹುದು, ಎಸ್‌ಎಸ್‌ಡಿ ಅಲ್ಲಿಯೂ ಅಷ್ಟೇ ಉಪಯೋಗಕ್ಕೆ ಬರುತ್ತದೆ. ನಾನು ಆ ಲ್ಯಾಪ್‌ಟಾಪನ್ನು ನೆಟ್ಟಿನಿಂದ ಬೇರ್ಪಡಿಸಿ, ನುಡಿ ಟೈಪಿಂಗಿಗೆ ಮತ್ತು ಪುಟವಿನ್ಯಾಸಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ.