ಡಿಗ್ರಿ ಗೆರೆ ನಂಬಬೇಡಿ: ಲೇತ್‌ನಲ್ಲಿ ಮೋರ್ಸ್ ಟೇಪರಿನ ಕೋನ ಕೂರಿಸುವ ಬಗೆ

ಡ್ರಿಲ್, ಸೆಂಟರ್ ಮುಂತಾದವನ್ನು ಯಂತ್ರದಲ್ಲಿ ಹಿಡಿದಿಡುವ, ತುದಿಗೆ ಹೋದಂತೆ ಸಣ್ಣದಾಗುವ ಹಿಡಿಯೇ ಮೋರ್ಸ್ ಟೇಪರ್. ಎರಡನೇ ನಂಬರ್ ಮೋರ್ಸ್ ಟೇಪರಿನ ಅರ್ಧಕೋನ (ಅದರ ನಡುಗೆರೆಗೂ ಓರೆ ಮೈಗೂ ನಡುವಿನ ಕೋನ) 1 ಡಿಗ್ರಿ 25 ನಿಮಿಷ 50 ಸೆಕೆಂಡು. ಟೂಲನ್ನು ಓರೆಯಾಗಿ ಸರಿಸುವ ಕಾಂಪೌಂಡ್ ಸ್ಲೈಡಿನ ಬುಡದಲ್ಲಿ ಸಾಮಾನ್ಯವಾಗಿ ಇರುವುದು ಒಂದೊಂದು ಡಿಗ್ರಿಯ ಗೆರೆ. ಅದನ್ನು ನೋಡಿ ಅಂದಾಜಿಗೆ ತಿರುಗಿಸಬಹುದು, ಅಷ್ಟೆ. ಸರಿಯಾದ ಕೋನ ಬೇಕೆಂದರೆ ಡಯಲ್ ಗೇಜ್ (ಸಣ್ಣ ಸರಿತವನ್ನು ಮುಳ್ಳಿನಿಂದ ತೋರಿಸುವ ಮಾಪಕ) ಹಾಕಲೇಬೇಕು.

ಸ್ಲೈಡ್ ಸರಿದ ದೂರವನ್ನು ಅರ್ಧಕೋನದ ಸೈನ್‌ನಿಂದ ಗುಣಿಸಿ. 50 ಮಿ.ಮೀ. ಸರಿದರೆ ಗೇಜ್ 1.248 ಮಿ.ಮೀ. ತೋರಿಸಬೇಕು. (ಇಷ್ಟು ಸಣ್ಣ ಕೋನಕ್ಕೆ ಟ್ಯಾನ್ ಹಾಕಿದರೂ ನಡೆಯುತ್ತದೆ, 15 ಡಿಗ್ರಿಯ ಟೇಪರಿಗೆ ಹಾಕಿದರೆ ಕೆಲಸ ಕೆಟ್ಟಿತು.) ಲಿವರ್ ಗೇಜಿನ ಓಟ (ಅಳೆಯಬಲ್ಲ ದೂರ) ಇದಕ್ಕೆ ಸಾಲದು, 10 ಮಿ.ಮೀ. ಓಟದ ಪ್ಲಂಜರ್ (ಒಳಹೊರಗೆ ಸರಿಯುವ ಕಡ್ಡಿಯ) ಗೇಜ್ ತೆಗೆದುಕೊಳ್ಳಿ.

ಗ್ರೈಂಡ್ ಮಾಡಿದ ಸಮ ದಪ್ಪದ ಬಾರನ್ನು ಚಕ್ಕಿನಲ್ಲಿ ಕಟ್ಟಿ. ಟೇಲ್‌ಸ್ಟಾಕನ್ನು (ಚಕ್ಕಿನೆದುರಿನ ಆಸರೆಯನ್ನು) ದೂರ ತಳ್ಳಿ, ಇಲ್ಲದಿದ್ದರೆ ಕಾಂಪೌಂಡಿನ ಹಿಡಿಕೆ ಅದಕ್ಕೆ ಬಡಿಯುತ್ತದೆ. ಗಿಬ್ (ಸ್ಲೈಡಿನ ಸಡಿಲ ತೆಗೆಯುವ ಪಟ್ಟಿ) ಬಿಗಿ ಮಾಡಿ, ಸ್ಲೈಡುಗಳನ್ನು ಹೊತ್ತ ಕ್ಯಾರೇಜ್ ಲಾಕ್ ಮಾಡಿ. ಗೇಜನ್ನು ಟೂಲ್ ಪೋಸ್ಟಿಗೆ ಕಟ್ಟಿ, ಪ್ಲಂಜರ್ ಸೆಂಟರ್ ಎತ್ತರದಲ್ಲಿ (ಬಾರಿನ ನಡುಗೆರೆಯ ಮಟ್ಟದಲ್ಲಿ) ಬಾರಿಗೆ ನೇರ ಅಡ್ಡವಾಗಿ ತಾಗಲಿ, 2 ಮಿ.ಮೀ.ಯಷ್ಟು ಒತ್ತಿಡಿ. ಸ್ಲೈಡನ್ನು ಚಕ್ಕಿನ ಕಡೆಗೆ ಸ್ವಲ್ಪ ಓಡಿಸಿ ಬ್ಯಾಕ್‌ಲ್ಯಾಶ್ (ತಿರುಪಿನ ಸಡಿಲ) ತೆಗೆದು, ಗೇಜ್ ಸೊನ್ನೆ ಮಾಡಿ, ಅದೇ ದಿಕ್ಕಿನಲ್ಲಿ 50 ಮಿ.ಮೀ. ಓಡಿಸಿ. ಪ್ಲಂಜರ್ 1.248 ಹೊರಬರಬೇಕು. ಬಾರನ್ನು ಅರ್ಧ ಸುತ್ತು ತಿರುಗಿಸಿ ಮತ್ತೊಮ್ಮೆ ನೋಡಿ, ಎರಡರ ಸರಾಸರಿಯೇ ಲೆಕ್ಕ. ಚಕ್ಕಿನ ಓರೆ ಹಾಗೆ ಕಳೆದುಹೋಗುತ್ತದೆ. ವ್ಯತ್ಯಾಸವಿದ್ದರೆ ಕಾಂಪೌಂಡಿನ ಬೋಲ್ಟ್ ಅರೆಬಿಗಿಯಲ್ಲಿಟ್ಟು ತಾಮ್ರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಬೋಲ್ಟ್ ಪೂರ್ತಿ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಬಿಗಿಯುವಾಗಲೇ ಸ್ಲೈಡ್ ಜರುಗುವುದುಂಟು. ಇಲ್ಲಿ 0.01 ತಪ್ಪಿದರೆ 64 ಮಿ.ಮೀ. ಉದ್ದದ ಟೇಪರಿನ ವ್ಯಾಸದಲ್ಲಿ ಸುಮಾರು 0.026 ತಪ್ಪುತ್ತದೆ.

ಟೂಲಿನ ಮೊನೆ ಕರಾರುವಾಕ್ಕಾಗಿ ಸೆಂಟರ್ ಎತ್ತರದಲ್ಲಿರಲಿ. ಮೇಲೋ ಕೆಳಗೋ ಇದ್ದರೆ ಕೋನ ಕೆಡುವುದಷ್ಟೇ ಅಲ್ಲ, ಟೇಪರಿನ ಮೈಯೇ ನೇರವಾಗಿರದೆ ನಡುವೆ ಒಳಸರಿಯುತ್ತದೆ. ಆಮೇಲೆ ಸ್ಲೈಡನ್ನು ಎಷ್ಟು ತಟ್ಟಿದರೂ ಅದು ಸರಿಹೋಗದು.

ಪರೀಕ್ಷೆಗೆ ಒಳ್ಳೆಯ ಸ್ಲೀವ್ (ಒಳಗೆ ಅದೇ ಟೇಪರಿರುವ ಕೊಳವೆ) ಬೇಕು. ಕಡೆದ ಟೇಪರಿನ ಮೇಲೆ ಉದ್ದಕ್ಕೂ ಪ್ರಷ್ಯನ್ ಬ್ಲೂವಿನ (ತಾಗಿದ ಜಾಗ ತೋರಿಸುವ ನೀಲಿ ಬಣ್ಣದ) ಮೂರು ತೆಳುಗೆರೆ ಎಳೆದು, ಸ್ಲೀವಿನೊಳಗೆ ಕೂರಿಸಿ ಕಾಲು ಸುತ್ತು ತಿರುಗಿಸಿ. ದಪ್ಪ ತುದಿಯಲ್ಲಿ ಮಾತ್ರ ನೀಲಿ ಒರೆಸಿಹೋದರೆ ಕೋನ ಹೆಚ್ಚು. ಸಣ್ಣ ತುದಿಯಲ್ಲಾದರೆ ಕಡಿಮೆ. ಸಣ್ಣ ತುದಿಯ ಗುರುತು ಕಂಡಾಗ ಅವಸರಪಟ್ಟು ಸ್ಲೈಡ್ ಮುಟ್ಟಬೇಡಿ. ಆಸರೆಯಿಲ್ಲದ ತುದಿ ಟೂಲಿನ ಒತ್ತಡಕ್ಕೆ ಬಾಗಿ, ಅಲ್ಲಿ ಲೋಹ ಉಳಿದಿರಲೂಬಹುದು. ಕ್ರಾಸ್ ಸ್ಲೈಡ್ (ಟೂಲನ್ನು ಅಡ್ಡಲಾಗಿ ಒಳಗೊಯ್ಯುವ ಸ್ಲೈಡ್) ಮುಂದೊತ್ತದೆ ಇನ್ನೆರಡು ಸಲ ಕಾಂಪೌಂಡ್ ಓಡಿಸಿ, ಮತ್ತೆ ನೀಲಿ ಹಚ್ಚಿ ನೋಡಿ.

ಕೋನ ಹೊಂದಿದ ಮೇಲೆ ಕೈ ತಡೆದು ಕೆಲಸ ಮಾಡಿ: ಟೂಲ್ 0.025 ಮಿ.ಮೀ. ಒಳಗೆ ಹೋದರೆ ಟೇಪರ್ ಸ್ಲೀವಿನೊಳಗೆ ಸುಮಾರು 1 ಮಿ.ಮೀ. ಹೆಚ್ಚು ಇಳಿಯುತ್ತದೆ.