ಮುಚ್ಚಿಹೋದ ಹಳೇ ಡಿಪಾರ್ಟ್‌ಮೆಂಟ್ ಸ್ಟೋರ್‌ನ ನೆನಪು ಕಲೆಹಾಕೋದು ಹೇಗೆ

ಹಳೇ ದೊಡ್ಡ ಅಂಗಡಿ ಒಂದು ಬಾಗಿಲು ಹಾಕ್ತು ಅಂದ ತಕ್ಷಣ ಎಲ್ಲರೂ ಬರೆಯೋದು ಹೆಚ್ಚುಕಮ್ಮಿ ಒಂದೇ ಥರ, ಎಂಥಾ ಕಾಲ ಅದು, ಈಗೆಲ್ಲಿ ಸಿಗತ್ತೆ ಆ ಖುಷಿ ಅಂತ. ಆ ಬೇಜಾರು ನಿಜವಾದದ್ದೇ, ನನಗೂ ಆಗತ್ತೆ. ಆದ್ರೆ ಸ್ವಲ್ಪ ವರ್ಷ ಕಳೆದ್ಮೇಲೆ ಲಿಫ್ಟ್ ಯಾವ ಕಡೆ ಇತ್ತು, ಆಟದ ಸಾಮಾನು ಎಷ್ಟನೇ ಮಹಡೀಲಿತ್ತು, ಬಿಲ್ಲು ಯಾರು ಬರೀತಿದ್ರು ಅಂತ ಯಾರಾದ್ರೂ ಕೇಳಿದ್ರೆ ಹೇಳೋರೇ ಇರಲ್ಲ. ಅಂಗಡೀನ ಪ್ರೀತಿಸಿದವರು ಇನ್ನೂ ಇರೋವಾಗ್ಲೇ ಈ ಕೆಲಸ ಆಗ್ಬೇಕು, ಅದಕ್ಕೆ ದೊಡ್ಡ ಓದೂ ಬೇಡ, ದುಡ್ಡೂ ಬೇಡ.

ಮೊದ್ಲು ನಕ್ಷೆ ಬರೀರಿ. ಫೋಟೋ ಹುಡುಕೋಕೆ ಈಗ್ಲೇ ಹೋಗ್ಬೇಡಿ, ಯಾಕಂದ್ರೆ ಒಂದ್ಸಲ ಫೋಟೋ ನೋಡಿದ್ರೆ ಆಮೇಲೆ ನಿಮಗೆ ನೆನಪಿರೋದು ಅಂಗಡಿಯೋ ಆ ಫೋಟೋವೋ ಅಂತ ಗೊತ್ತಾಗದೇ ಹೋಗತ್ತೆ. ಒಂದು ಖಾಲಿ ಹಾಳೆ ತಗೊಂಡು ಮುಂಬಾಗಿಲಿನಿಂದ ಶುರುಮಾಡಿ, ಬಾಗಿಲು ತಳ್ಳೋದಾ ಎಳೆಯೋದಾ ತಿರುಗೋದಾ, ಒಳಗೆ ಕಾಲಿಟ್ಟ ತಕ್ಷಣ ಎಡಕ್ಕೆ ಏನಿತ್ತು, ಯಾವ ವಾಸನೆ ಬರ್ತಿತ್ತು, ನೆಲ ಕಲ್ಲಿಂದಾ ಮರದ್ದಾ, ಮೆಟ್ಟಿಲು ಎಲ್ಲಿ ತಿರುಗ್ತಿತ್ತು, ಹೀಗೆ ನಡಕೊಂಡು ಹೋದ ಹಾಗೇ ಬರೀತಾ ಹೋಗಿ. ಗೊತ್ತಿಲ್ಲದ ಜಾಗ ಖಾಲಿ ಬಿಡಿ, ಊಹೆ ಮಾಡಿ ತುಂಬಿಸ್ಬೇಡಿ. ಆ ಖಾಲಿ ಜಾಗಗಳೇ ಮುಂದೆ ಬೇರೆಯವರ ಹತ್ರ ಕೇಳೋಕೆ ಪ್ರಶ್ನೆ ಆಗ್ತವೆ. ಅಳತೆ ಸರಿ ಇರ್ಬೇಕು ಅಂತೇನಿಲ್ಲ, ಚಿಕ್ಕವರಿದ್ದಾಗ ನೋಡಿದ ಅಂಗಡಿ ಯಾವಾಗ್ಲೂ ದೊಡ್ಡದಾಗೇ ಕಾಣತ್ತೆ.

ನಕ್ಷೇಲಿ ಜನ ಒಬ್ಬರಿಗೊಬ್ಬರು ಕಾಯ್ತಿದ್ದ ಜಾಗಾನ ಮರೀದೆ ಗುರುತು ಮಾಡಿ. ಪ್ರತಿ ದೊಡ್ಡ ಅಂಗಡೀಲೂ ಅಂಥದ್ದೊಂದು ಇರತ್ತೆ. ಶಿಕಾಗೋದ ಮಾರ್ಷಲ್ ಫೀಲ್ಡ್ಸ್‌ನಲ್ಲಿ ಹೊರಗಿನ ದೊಡ್ಡ ಗಡಿಯಾರ, ಫಿಲಡೆಲ್ಫಿಯಾದ ವಾನಮೇಕರ್ಸ್‌ನಲ್ಲಿ ಕಂಚಿನ ಹದ್ದು, ಟೋಕಿಯೋದ ಮಿತ್ಸುಕೋಶಿಯಲ್ಲಿ 1914ರಲ್ಲಿ ಕೂರಿಸಿದ ಸಿಂಹಗಳು. ಶಿಕಾಗೋ ಅಂಗಡಿಗೆ 2006ರಲ್ಲಿ ಮೇಸೀಸ್ ಅಂತ ಹೆಸರು ಬದಲಾಯಿಸಿದಾಗ ಜನ ಪ್ರತಿಭಟನೆಗೆ ಸೇರಿದ್ದೂ ಆ ಗಡಿಯಾರದ ಕೆಳಗೇನೇ. ಹಾಗಾಗಿ ಯಾರು ಯಾರಿಗೆ ಎಲ್ಲಿ ಕಾಯ್ತಿದ್ರು ಅಂತ ಕೇಳಿ ನೋಡಿ, ಉಳಿದ ನೆನಪು ತಾನಾಗೇ ಬರೋಕೆ ಶುರುವಾಗತ್ತೆ.

ಆಮೇಲೆ ಜನರನ್ನ ಮಾತಾಡ್ಸೋದು, ಇದೇ ಮುಖ್ಯವಾದ ಕೆಲಸ. ಗಿರಾಕಿಗಳಾಗಿ ಹೋದವರಿಗಿಂತ ಅಲ್ಲಿ ಕೆಲಸ ಮಾಡಿದವರನ್ನ ಮೊದ್ಲು ಹುಡುಕಿ, ಕೌಂಟರ್‌ನಲ್ಲಿ ನಿಂತವರು, ಲಿಫ್ಟ್ ನಡೆಸಿದವರು, ಪ್ಯಾಕ್ ಮಾಡಿದವರು, ಶೋಕೇಸ್ ಅಲಂಕಾರ ಮಾಡ್ತಿದ್ದವರು, ರಾತ್ರಿ ಕಾವಲಿಗಿದ್ದವರು. ಅಂಗಡಿ ಹೇಗಿತ್ತು ಅಂತ ಕೇಳಿದ್ರೆ ಚೆನ್ನಾಗಿತ್ತು ಅಂತಾರೆ, ಅಲ್ಲಿಗೆ ಮಾತು ಮುಗೀತು. ಅದರ ಬದಲು ಬೆಳಿಗ್ಗೆ ಬಂದ ತಕ್ಷಣ ಮೊದ್ಲು ಏನು ಮಾಡ್ತಿದ್ರಿ, ಸಾಮಾನು ಯಾವ ಬಾಗಿಲಿಂದ ಒಳಗೆ ಬರ್ತಿತ್ತು, ಗಿರಾಕಿ ದುಡ್ಡು ಕೊಟ್ಮೇಲೆ ಆ ದುಡ್ಡು ಎಲ್ಲಿಗೆ ಹೋಗ್ತಿತ್ತು, ಚಿಲ್ಲರೆ ಎಲ್ಲಿಂದ ಬರ್ತಿತ್ತು ಅಂತ ಕೇಳಿ. ಈ ದುಡ್ಡಿನ ಪ್ರಶ್ನೆ ಸುಮ್ನೆ ಹೇಳಿದ್ದಲ್ಲ. ಎಷ್ಟೋ ಹಳೇ ಅಂಗಡಿಗಳಲ್ಲಿ ಕೌಂಟರ್‌ನಲ್ಲಿ ಗಲ್ಲಾನೇ ಇರ್ತಿರ್ಲಿಲ್ಲ. ಅಮೆರಿಕದ ವಿಲಿಯಂ ಲ್ಯಾಮ್ಸನ್ ಅನ್ನೋ ಅಂಗಡಿ ಮಾಲೀಕ 1881ರಲ್ಲಿ ಪೇಟೆಂಟ್ ಮಾಡಿಸಿದ ವ್ಯವಸ್ಥೇಲಿ ಪೊಳ್ಳು ಮರದ ಚೆಂಡೊಳಗೆ ದುಡ್ಡು ಹಾಕಿ ತಲೆ ಮೇಲಿನ ಇಳಿಜಾರು ಹಳಿ ಮೇಲೆ ಬಿಟ್ರೆ ಅದು ಉರುಳ್ಕೊಂಡು ಕ್ಯಾಷಿಯರ್ ಹತ್ರ ಹೋಗ್ತಿತ್ತು, ಆಮೇಲೆ ಗಾಳಿ ಒತ್ತಡದ ಕೊಳವೆಗಳೂ ಬಂದ್ವು. ಆ ಕೊಳವೆ ಸದ್ದು ಕೇಳಿದವರು ಇನ್ನೂ ಇದಾರೆ, ಅದು ಹೇಗಿತ್ತು ಅಂತ ಬಾಯಲ್ಲೇ ಮಾಡಿ ತೋರ್ಸಿ ಅಂತ ಕೇಳಿ, ರೆಕಾರ್ಡ್ ಮಾಡ್ಕೊಳ್ಳಿ. ಮಾತಿಗೆ ಮುಂಚೆ ರೆಕಾರ್ಡ್ ಮಾಡ್ಲಾ ಅಂತ ಒಪ್ಪಿಗೆ ತಗೊಳ್ಳಿ, ಆ ಒಪ್ಪಿಗೇನೂ ರೆಕಾರ್ಡಿಂಗ್‌ನಲ್ಲೇ ಇರ್ಲಿ. ನೀವು ಬರೆದ ನಕ್ಷೆ ಅವರ ಮುಂದೆ ಇಟ್ಟು ಪೆನ್ಸಿಲ್ ಕೈಗೆ ಕೊಡಿ, ತಪ್ಪು ನೋಡಿದ ತಕ್ಷಣ ಅಯ್ಯೋ ಇದು ಇಲ್ಲಿರ್ಲಿಲ್ಲ ಅಂತ ಶುರುಮಾಡಿದವರು ಗಂಟೆಗಟ್ಟಲೆ ಮಾತಾಡ್ತಾರೆ.

ಇಬ್ಬರು ಎರಡು ಥರ ಹೇಳಿದ್ರೆ ಜಗಳ ತೀರಿಸೋಕೆ ಹೋಗ್ಬೇಡಿ. ದೊಡ್ಡ ಅಂಗಡಿಗಳು ವಿಭಾಗಗಳನ್ನ ಮಹಡಿಯಿಂದ ಮಹಡಿಗೆ ಆಗಾಗ ಬದಲಾಯಿಸ್ತಾನೇ ಇರ್ತಿದ್ವು, ಇಬ್ಬರೂ ಸರಿ ಇರಬಹುದು, ವರ್ಷ ಮಾತ್ರ ಬೇರೆ. ಎರಡನ್ನೂ ಬರ್ಕೊಳ್ಳಿ, ಯಾರು ಯಾವಾಗ ಅಲ್ಲಿದ್ರು ಅಂತ ಪಕ್ಕದಲ್ಲಿ ಹಾಕಿ.

ಈಗ ಕಾಗದ. ಬಿಲ್ಲು, ಬ್ಯಾಗು, ಡಬ್ಬಿ, ಬೆಲೆ ಚೀಟಿ, ಕ್ಯಾಟಲಾಗ್, ಸಿಬ್ಬಂದಿ ಬ್ಯಾಡ್ಜ್, ಏನು ಸಿಕ್ಕಿದ್ರೂ ಬಿಡ್ಬೇಡಿ. ಥರ್ಮಲ್ ಪೇಪರ್‌ನ, ಅಂದ್ರೆ ಶಾಯಿ ಇಲ್ಲದೇ ಬಿಸಿಯಿಂದ ಅಕ್ಷರ ಮೂಡೋ ನುಣುಪು ಕಾಗದದ ಬಿಲ್ಲು ಇದ್ರೆ ಎಲ್ಲಕ್ಕಿಂತ ಮೊದ್ಲು ಅದನ್ನ ಸ್ಕ್ಯಾನ್ ಮಾಡಿ, ಬಿಸಿಗೆ ಬೆಳಕಿಗೆ ಅಕ್ಷರ ಅಳಿಸಿಹೋಗತ್ತೆ, ಪ್ಲಾಸ್ಟಿಕ್ ಕವರ್‌ನಲ್ಲಿಟ್ರೂ ಕಷ್ಟ. ಚಿಕ್ಕ ಫೋಟೋ 600 ಡಿಪಿಐನಲ್ಲಿ (ಸ್ಕ್ಯಾನ್ ಎಷ್ಟು ಸ್ಪಷ್ಟ ಅನ್ನೋ ಅಳತೆ ಇದು), ಸಾಮಾನ್ಯ ಕಾಗದ 300ರಲ್ಲಿ ಸಾಕು, ಹಿಂಬದೀನೂ ಸ್ಕ್ಯಾನ್ ಮಾಡಿ ಯಾಕಂದ್ರೆ ತಾರೀಕು, ಸ್ಟುಡಿಯೋ ಮುದ್ರೆ ಎಲ್ಲಾ ಅಲ್ಲೇ ಇರೋದು. ತಾರೀಕು ಇಲ್ಲದ ವಸ್ತುವಿಗೂ ಸುಳಿವು ಇರತ್ತೆ. ಬಾರ್‌ಕೋಡ್ ಇದ್ರೆ ಅದು ಹೆಚ್ಚುಕಮ್ಮಿ 1974ರ ಆಮೇಲಿನದ್ದೇ, ಈಗ ಎಲ್ಲಾ ಕಡೆ ನೋಡೋ ಆ ಕೋಡನ್ನ ಅಂಗಡೀಲಿ ಮೊದಲ ಸಲ ಸ್ಕ್ಯಾನ್ ಮಾಡಿದ್ದೇ ಆ ವರ್ಷ ಜೂನ್‌ನಲ್ಲಿ. ಅಮೆರಿಕದ ವಿಳಾಸದಲ್ಲಿ ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಥರದ್ದು) ಇದ್ರೆ 1963ರಲ್ಲಿ ಅಥವಾ ಆಮೇಲಿನದ್ದು. ಫೋನ್ ನಂಬರ್ ಎಷ್ಟು ಅಂಕಿ ಇದೆ ಅನ್ನೋದೂ ಹೀಗೇ ಉಪಯೋಗಕ್ಕೆ ಬರತ್ತೆ.

ಕ್ಯಾಟಲಾಗ್ ಸಿಗದಿದ್ರೆ ಇಂಟರ್ನೆಟ್ ಆರ್ಕೈವ್ ಅನ್ನೋ ವೆಬ್‌ಸೈಟ್ ನೋಡಿ, ಅಮೆರಿಕದ ಸಿಯರ್ಸ್, ಕೆನಡಾದ ಈಟನ್ಸ್ ಇವೆರಡರದ್ದೂ ಅಲ್ಲಿ ಸಿಗ್ತವೆ. ಈಟನ್ಸ್ ಕ್ಯಾಟಲಾಗ್ 1884ರಿಂದ 1976ರವರೆಗೆ ಬಂತು, ಸಿಯರ್ಸ್ ತನ್ನ ದಪ್ಪ ಕ್ಯಾಟಲಾಗ್ ನಿಲ್ಲಿಸಿದ್ದು 1993ರಲ್ಲಿ. ಲೈಬ್ರರೀಲಿ ಹಳೇ ಪೇಪರ್ ಇದ್ರೆ ಸುದ್ದಿಗಿಂತ ಜಾಹೀರಾತು ನೋಡಿ, ಯಾವ ವಿಭಾಗ ಯಾವ ಮಹಡಿ ಅಂತ ಅಲ್ಲೇ ಬರ್ದಿರ್ತಾರೆ. ಅಮೆರಿಕದ ಊರುಗಳಿಗೆ ಸ್ಯಾನ್‌ಬಾರ್ನ್ ಅಗ್ನಿವಿಮೆ ನಕ್ಷೆಗಳಿವೆ, ಕಟ್ಟಡ ಇಟ್ಟಿಗೇದಾ ಮರದ್ದಾ, ಎಷ್ಟು ಮಹಡಿ ಎಲ್ಲಾ ಅದ್ರಲ್ಲಿರತ್ತೆ.

ಕಟ್ಟಡ ಇನ್ನೂ ನಿಂತಿದ್ರೆ ಅನುಮತಿ ಕೇಳಿ ಹೋಗಿ ನೋಡಿ, ಬೇಗ ಹೋಗಿ, ಯಾಕಂದ್ರೆ ಡೆಟ್ರಾಯಿಟ್‌ನ ಹಡ್ಸನ್ಸ್ ಕಟ್ಟಡಾನ 1998ರಲ್ಲಿ ಸ್ಫೋಟಿಸಿ ಬೀಳಿಸಿದ್ರು. ಒಳಗೆ ಎಲ್ಲಾ ಹೊಸದು ಮಾಡಿದ್ರೂ ಮೆಟ್ಟಿಲು, ಅದರ ಪಕ್ಕದ ಹಿಡಿಕಂಬಿ, ಬಾಗಿಲ ಹೊಸ್ತಿಲಲ್ಲಿ ಕೂರಿಸಿದ ಹೆಸರು, ಹಿಂದಿನ ಗೋಡೆ ಮೇಲೆ ಮಾಸಿದ ಬಣ್ಣದ ಅಕ್ಷರ, ಇವು ಉಳಿದಿರ್ತವೆ.

ಇನ್ನೊಂದು ವಿಷಯ, ಇದನ್ನ ಬಿಟ್ಟು ಹಳೇ ಅಂಗಡಿ ಬಗ್ಗೆ ಬರೆದ್ರೆ ಅದು ಅರ್ಧ ಸುಳ್ಳು ಅಂತ ನನ್ನ ಅಭಿಪ್ರಾಯ. ಆ ಅಂಗಡಿ ಎಲ್ಲರಿಗೂ ಒಂದೇ ಥರ ಇರ್ಲಿಲ್ಲ. ಅಮೆರಿಕದ ಗ್ರೀನ್ಸ್‌ಬರೋ ಊರಿನ ವುಲ್ವರ್ತ್ ಅಂಗಡೀಲಿ ಕಪ್ಪು ಜನ ಸಾಮಾನು ಕೊಳ್ಳಬಹುದಿತ್ತು, ಆದ್ರೆ ಊಟದ ಕೌಂಟರ್‌ನಲ್ಲಿ ಕೂರೋ ಹಾಗಿರ್ಲಿಲ್ಲ. 1960ರ ಫೆಬ್ರವರಿ 1ರಂದು ನಾಲ್ಕು ಜನ ಕಪ್ಪು ವಿದ್ಯಾರ್ಥಿಗಳು ಹೋಗಿ ಅಲ್ಲೇ ಕೂತ್ರು, ಜುಲೈನಲ್ಲಿ ಆ ಕೌಂಟರ್ ಎಲ್ಲರಿಗೂ ತೆರೀತು, ಈಗ ಆ ಕಟ್ಟಡ ಮ್ಯೂಸಿಯಂ ಆಗಿದೆ. ಹಾಗಾಗಿ ನೀವು ಮಾತಾಡ್ಸೋವಾಗ ಒಳಗೆ ಬರೋಕೆ ಹಿಂಜರಿದವರು ಯಾರು, ಕಿಟಕಿ ಮಾತ್ರ ನೋಡ್ಕೊಂಡು ಹೋಗ್ತಿದ್ದವರು ಯಾರು, ಮದುವೆ ಆದ್ಮೇಲೆ ಕೆಲಸ ಬಿಡ್ಬೇಕಾಗಿ ಬಂದ ಹೆಂಗಸರಿದ್ರಾ ಅಂತಾನೂ ಕೇಳಿ. ಅವರ ನೆನಪಿಗೂ ನಕ್ಷೇಲಿ ಜಾಗ ಬೇಕು.

ಸಿಕ್ಕಿದ್ದೆಲ್ಲಾ ಫೋನ್‌ನಲ್ಲೇ ಬಿಡ್ಬೇಡಿ. ಫೈಲ್ ಹೆಸರಲ್ಲಿ ಅಂಗಡಿ ಹೆಸರು, ಮಹಡಿ, ಅಂದಾಜು ವರ್ಷ ಹಾಕಿ, ಮೂರು ಪ್ರತಿ ಮಾಡಿ, ಒಂದಾದ್ರೂ ನಿಮ್ಮ ಮನೆ ಬಿಟ್ಟು ಬೇರೆ ಕಡೆ ಇರ್ಲಿ. ಬೇರೆಯವರ ಫೋಟೋ ಹಾಕೋ ಮುಂಚೆ ಕೇಳಿ. ಒಂದು ಪ್ರತಿ ಹತ್ತಿರದ ಲೈಬ್ರರಿಗೋ ಆರ್ಕೈವ್‌ಗೋ ಕೊಡಿ, ಕೊಡೋವಾಗ ನಕ್ಷೆ ಎಲ್ಲಕ್ಕಿಂತ ಮೇಲೆ ಇಡಿ, ಯಾವ ಫೋಟೋ ಯಾವ ಮೂಲೇದು ಅಂತ ಅದ್ರ ಮೇಲೆ ನಂಬರ್ ಹಾಕಿದ್ರೆ ಮುಂದೆ ನೋಡೋವ್ರಿಗೆ ಹುಡುಕೋ ಕಷ್ಟ ಇರಲ್ಲ.